ಮೊದಲು ತಾರೀಖು ನೋಡಿ: ಮೊಬೈಲಿನಲ್ಲಿ ಕಾನೂನು ಹುಡುಕುವವರಿಗೆ ಎಂಟು ಸೂತ್ರಗಳು

ತವರಿನ ಆಸ್ತಿಯಲ್ಲಿ ಪಾಲಿದೆಯೇ? ಚೆಕ್ ಬೌನ್ಸ್ ಆದರೆ ಏನು ಮಾಡಬೇಕು? ಇಂಥ ಪ್ರಶ್ನೆ ಎದುರಾದಾಗ ಈಗ ಎಲ್ಲರ ಕೈ ಮೊದಲು ಹೋಗುವುದು ಮೊಬೈಲಿಗೆ. ಉತ್ತರಗಳಿಗೆ ಅಲ್ಲಿ ಬರವಿಲ್ಲ. ಅವುಗಳಲ್ಲಿ ನಂಬಬಹುದಾದದ್ದು ಯಾವುದು ಎಂದು ಕಂಡುಕೊಳ್ಳುವುದನ್ನು ಮಾತ್ರ ಕಲಿಯಬೇಕು. ವಕೀಲರಲ್ಲದವರೂ ಕಲಿಯಬಹುದು.

1. ಬರಹದ ತಾರೀಖು ನೋಡದೆ ಒಂದು ಸಾಲನ್ನೂ ನಂಬಬೇಡಿ.
ಹೆಣ್ಣುಮಕ್ಕಳ ಹಕ್ಕನ್ನೇ ತೆಗೆದುಕೊಳ್ಳಿ. ಕರ್ನಾಟಕದ 1994ರ ತಿದ್ದುಪಡಿ, ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದ್ದು 2005ರ ಕೇಂದ್ರ ತಿದ್ದುಪಡಿ. ಆದರೆ ಕರ್ನಾಟಕದಿಂದಲೇ ಹೋಗಿದ್ದ ಪ್ರಕಾಶ್–ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಷರತ್ತು ಹಾಕಿತು: 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಷರತ್ತನ್ನು ತೆಗೆದುಹಾಕಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ ಮೂಲಕವೋ ವಿಭಾಗ ಆಗಿಹೋಗಿದ್ದರೆ ಮಾತು ಬೇರೆ.

2016ರಲ್ಲಿ ಬರೆದ ಲೇಖನವೊಂದು ಆ ದಿನಕ್ಕೆ ಸರಿಯೇ ಇದ್ದಿರಬಹುದು. ಇವತ್ತು ಅದನ್ನು ಓದಿದ ಮಗಳು, ತನಗೆ ಪಾಲೇ ಇಲ್ಲವೆಂದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಟ್ಟರೆ? ಈ ಬರಹ ಬರೆಯಲು ನನಗೆ ಮುಖ್ಯ ಕಾರಣವೇ ಆ ಸಹಿಯ ಭಯ.

2. ಸೆಕ್ಷನ್ ನಂಬರ್ ಬದಲಾಗಿದೆಯೇ ನೋಡಿ.
2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆಯ 420 ಈಗ 318(4). ಕೊಲೆಯ 302 ಈಗ 103(1). ಹಾಗೆಂದು ಹಳೆಯದು ಪೂರ್ತಿ ಸತ್ತಿಲ್ಲ. ಆ ದಿನಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ.

3. ಕಾಯ್ದೆಯ ಮೂಲ ಪಠ್ಯವನ್ನೇ ತೆರೆಯಿರಿ.
ಕೇಂದ್ರದ ಕಾಯ್ದೆಗಳು ಸರ್ಕಾರದ ‘ಇಂಡಿಯಾ ಕೋಡ್’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣವಿದೆ, ಕನ್ನಡದಲ್ಲೂ ಓದಬಹುದು. ಓದುವಾಗ ಪರಿಭಾಷೆಗಳ ಸೆಕ್ಷನ್ನನ್ನೂ ‘ಪರಂತು’ ಎಂದು ಶುರುವಾಗುವ ಭಾಗವನ್ನೂ ಬಿಡಬೇಡಿ. ವಿನಾಯಿತಿಗಳು ಹೆಚ್ಚಾಗಿ ಇರುವುದು ಅಲ್ಲೇ. ಕೃಷಿಕರಲ್ಲದವರು ಕರ್ನಾಟಕದಲ್ಲಿ ಜಮೀನು ಕೊಳ್ಳುವಂತಿಲ್ಲ ಎನ್ನುವ ಬರಹಗಳು ಇನ್ನೂ ಓಡಾಡುತ್ತಿವೆ. ಅಂಥ ನಿರ್ಬಂಧ ಹಾಕಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು 2020ರ ತಿದ್ದುಪಡಿಯಲ್ಲೇ ಹೋಗಿವೆ.

4. ಮಸೂದೆಯನ್ನು ಕಾನೂನು ಎಂದುಕೊಳ್ಳಬೇಡಿ.
ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿತು. ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಸುದ್ದಿಯ ಶೀರ್ಷಿಕೆ ಮಾತ್ರ ನೋಡಿದವರಿಗೆ ಅದು ಜಾರಿಯಾದಂತೆಯೇ ಕಂಡಿತ್ತು. ಸದನದ ಅಂಗೀಕಾರ, ರಾಜ್ಯಪಾಲರ ಅಂಕಿತ, ಗೆಜೆಟ್ ಪ್ರಕಟಣೆ, ಜಾರಿಯ ದಿನಾಂಕ: ನಾಲ್ಕನ್ನೂ ಕೇಳಿ.

5. ತೀರ್ಪು ಯಾವ ಕೋರ್ಟಿನದು?
2008ರಿಂದ ನಡೆಯುತ್ತಿರುವ ‘ಇಂಡಿಯನ್ ಕಾನೂನ್’ ತಾಣದಲ್ಲಿ ತೀರ್ಪುಗಳನ್ನು ಪುಕ್ಕಟೆ ಓದಬಹುದು. ಸುಪ್ರೀಂ ಕೋರ್ಟಿನದೇ ತೀರ್ಪುಗಳ ತಾಣ ‘ಇ-ಎಸ್‌ಸಿಆರ್’ 2023ರಲ್ಲಿ ಶುರುವಾಯಿತು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡಕ್ಕೂ ಬಂದಿವೆ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ. ಬೇರೆ ರಾಜ್ಯದ ಹೈಕೋರ್ಟ್ ಕೊಟ್ಟ ತೀರ್ಪಿಗೆ ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ಬಲವಿಲ್ಲ. ವಾದಕ್ಕೆ ಆಧಾರವಾಗಬಹುದು, ಅಷ್ಟೆ.

6. ಎಐ ಕೊಟ್ಟ ತೀರ್ಪನ್ನು ಹುಡುಕಿ, ಸಿಕ್ಕಿದರೆ ಮಾತ್ರ ನಂಬಿ.
ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ವಕೀಲರೇ ಮೋಸಹೋಗುವಷ್ಟು ಚೊಕ್ಕವಾಗಿರುತ್ತವೆ ಆ ಹೆಸರು, ಇಸವಿ, ಪುಟಸಂಖ್ಯೆಗಳು. ಮೂಲ ತಾಣದಲ್ಲಿ ಕಾಣದ ತೀರ್ಪನ್ನು ಅಲ್ಲಿಗೇ ಬಿಟ್ಟುಬಿಡಿ.

7. ನಿಮ್ಮದೇ ಕೇಸಿನ ಸ್ಥಿತಿಗೆ ಇ-ಕೋರ್ಟ್ಸ್.
ಈ ತಾಣದಲ್ಲಿ ನಿಮ್ಮ ಕೇಸಿನ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ತಿಳಿಯುತ್ತದೆ. ಆದರೆ ನಿಮ್ಮ ಮೇಲೆ ಕೇಸಿದೆ ಎಂದು ವಿಡಿಯೋ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಯಾರಾದರೂ ಬೆದರಿಸಿದರೆ ಕರೆ ಕಟ್ ಮಾಡಿ. ನಮ್ಮ ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. ದೂರು ಕೊಡಲು ಸಹಾಯವಾಣಿ 1930.

8. ಗಡುವು ತಿಳಿದ ದಿನವೇ ಮೊಬೈಲ್ ಬದಿಗಿಟ್ಟು ಹೊರಡಿ.
ಚೆಕ್ ಬೌನ್ಸ್ ಆಗಿದ್ದರೆ, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಓದುತ್ತಾ ಕೂತರೆ ಈ ದಿನಗಳು ಜಾರಿಹೋಗುತ್ತವೆ. ಫೀಸು ಎಲ್ಲಿಂದ ತರುವುದೆಂಬ ಚಿಂತೆಯಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಹಾಗೂ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪತ್ರಗಳ ಜೆರಾಕ್ಸ್ ಜೊತೆಗೆ, ಯಾವ ದಿನ ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವಕೀಲರು ಮೊದಲು ಕೇಳುವುದು ಅದನ್ನೇ.