ಮೊಬೈಲ್ ಮ್ಯಾಪಿನ ಗೆರೆಯೂ ಕಾಡಿನ ಎಲ್ಲೆಯೂ

ಕಾಡಂಚಿನ ಊರುಗಳಿಂದ ಬಂದು ರಾಜೀವನಗರದಲ್ಲಿ ಬಾಡಿಗೆಗೆ ಇದ್ದುಕೊಂಡು ಗಾರೆ ಕೆಲಸ ಮಾಡುವ ಯುವಕರು ನಮ್ಮನ್ನು ಕೇಳುವುದುಂಟು: "ಸಿಸ್ಟರ್, ಮ್ಯಾಪಲ್ಲಿ ಹಸಿರು ಬಣ್ಣ ಮುಗಿದ ಮೇಲೆ ಕಾಡಿಲ್ಲ ತಾನೆ? ಅಲ್ಲಿ ಹಂದಿಗೆ ಉರುಳು ಹಾಕಿದ್ರೆ ಏನಾಗ್ತದೆ?"

ಜೈಲಾಗ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಗೆ ಒಳಗೆ, ಹೊರಗೆ ಎಂಬ ಗೆರೆಯೇ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನಮ್ಮ ಸ್ವಂತ ಪಟ್ಟಾ ಜಮೀನಿನಲ್ಲಿ ಹಂದಿಗೆ ಉರುಳು ಹಾಕಿದರೂ ಅದು ಬೇಟೆಯೇ. ಪ್ರಾಣಿ ಸಿಕ್ಕದಿದ್ದರೂ ಹಿಡಿಯುವ ಪ್ರಯತ್ನವೇ ಅಪರಾಧ. ಅಭಯಾರಣ್ಯದೊಳಗಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಶಿಕ್ಷೆ. ಹಂದಿಗೆಂದು ಕಟ್ಟಿದ ತಂತಿಗೆ ಚಿರತೆ ಬಿದ್ದರಂತೂ ಮನೆಮಂದಿಯೆಲ್ಲ ಕೋರ್ಟು ಅಲೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕೂಡ ಜೇನು, ನೆಲ್ಲಿಕಾಯಿಗೆ ಹಕ್ಕು ಕೊಟ್ಟಿದೆಯೇ ಹೊರತು ಬೇಟೆಗೆ ಕೊಟ್ಟಿಲ್ಲ.

ಇನ್ನು ಆ ಹಸಿರು ಬಣ್ಣದ ಮಾತು. ಫೋನು ಉಪಗ್ರಹದ ಸಂಕೇತ ಹಿಡಿದು ನಾವಿರುವ ಜಾಗ ತೋರಿಸುತ್ತದೆ. ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ಆಗಬಹುದು. ದಟ್ಟ ಮರದ ಕೆಳಗೆ, ಕಣಿವೆಯಲ್ಲಿ ಇನ್ನೂ ಹೆಚ್ಚು. ಚುಕ್ಕಿ ಸರಿಯಿದ್ದರೂ ಗೆರೆ ಸರಿಯಿರಬೇಕಲ್ಲ? ಕಂಪನಿಯವರು ಬಳಿದ ಬಣ್ಣಕ್ಕೆ ಕಾನೂನಿನ ಬೆಲೆಯಿಲ್ಲ. ಮೀಸಲು ಅರಣ್ಯದ ಗಡಿ ಇರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ 17ನೇ ಸೆಕ್ಷನ್ನಿನಡಿ ಗೆಜೆಟ್ಟಿನಲ್ಲಿ ಬಂದ ಅಧಿಸೂಚನೆಯಲ್ಲಿ. ಎಷ್ಟೋ ಕಡೆ ಅರಣ್ಯದವರ ದಾಖಲೆಗೂ ಕಂದಾಯದವರ ಪಹಣಿಗೂ ಹೊಂದಾಣಿಕೆ ಇಲ್ಲ. ಇಲಾಖೆಗಳಿಗೇ ಬಗೆಹರಿಯದ್ದನ್ನು ಫೋನು ಬಗೆಹರಿಸೀತೇ?

ಹಾಗೆಂದು ನಕ್ಷೆ ಬೇಡವೆಂದಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ಅವರಲ್ಲಿ ಕುಲಕ್ಕೆ ಇಂತಿಷ್ಟು ಕಾಡು ಎಂದಿದೆ, ಅದಕ್ಕೆ ಅವರು ಹೇಳುವ ಹೆಸರೇ 'ಎಲ್ಲೆ'. ಪ್ರತಿ ಎಲ್ಲೆಗೂ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ನೀರಿನ ಅಬ್ಬಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಜಾಗಗಳಿಗೆ ಹೋಗುವುದೇ ಕಷ್ಟವಾಯಿತು. ಮುಂದೆ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸೋಲಿಗರು ಕೂಡಿ ಕಾಡು ಸುತ್ತಿದರು. ಹಿರಿಯರು ಜಾಗ ತೋರಿಸಿದರು, ಅನಂತರ ಯಂತ್ರದಲ್ಲಿ ಗುರುತಾಯಿತು. ಹೀಗೆ 400ಕ್ಕೂ ಹೆಚ್ಚು ತಾಣಗಳು ನಕ್ಷೆಗೆ ಬಂದವು. 2011ರಲ್ಲಿ ಅಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು.

ಇದು ಹಕ್ಕಿನ ಅರ್ಜಿ ಹಾಕಿರುವ ಕುಟುಂಬಗಳಿಗೆ ಮುಖ್ಯ. ಉಪಗ್ರಹದ ಚಿತ್ರದಲ್ಲಿ ಸಾಗುವಳಿ ಕಾಣಲಿಲ್ಲವೆಂದು ಯಾರಾದರೂ ಹೇಳಿದರೆ ಸುಮ್ಮನೆ ಎದ್ದು ಬರಬೇಡಿ. 2012ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ಅಂಥ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕ ಮಾತ್ರ, ಅದರ ಬದಲಿಗಲ್ಲ. ಹಳೆಯ ಬಾವಿ, ಸಮಾಧಿ, ದೇವರ ಕಲ್ಲು ಸಾಕ್ಷ್ಯವೇ. ಅಜ್ಜ ಅಜ್ಜಿಯರು ಹೇಳಿ ಬರೆಸಿದ ಮಾತೂ ಸಾಕ್ಷ್ಯವೇ. ಆದರೆ ಹೇಳುವವರು ಅರ್ಜಿದಾರರಾಗಿರಬಾರದು. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಜೋಡಿಸಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಲು ಒಂದೊಂದಕ್ಕೂ 60 ದಿನ ಕಾಲಾವಕಾಶವಿದೆ. ಕೆಲಸಕ್ಕೆಂದು ಪಟ್ಟಣದಲ್ಲಿರುವವರು ಊರಿಗೆ ಬಂದ ನೋಟೀಸಿನ ತಾರೀಖನ್ನು ಮನೆಯವರಿಂದ ಆಗಾಗ ಕೇಳಿ ತಿಳಿದುಕೊಳ್ಳಿ.