ಹಾಯಿದೋಣಿಯು ಹೊರುವ ಹೊರೆ

ಹಾಯಿದೋಣಿಯು ಗಾಳಿಯ ಬಲದಿಂದ ಓಡುವುದೆಂಬುದನ್ನು ಎಲ್ಲರೂ ಬಲ್ಲರು. ಆ ಬಲವನ್ನು ದೋಣಿಯ ಯಾವ ಭಾಗವು ಎಷ್ಟು ಹೊರುತ್ತದೆಂಬುದು ಮಾತ್ರ ಕಣ್ಣಿಗೆ ಕಾಣದು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕವನ್ನು ನೋಡೋಣ. ಹಾಯಿ ಕಟ್ಟುವ ಕಂಬದ ಎತ್ತರ 10 ಮೀಟರ್. ಅದರ ತುದಿಯಿಂದ ಇಳಿದ ಉಕ್ಕಿನ ತಂತಿಯನ್ನು ಬುಡದಿಂದ 1 ಮೀಟರ್ ದೂರದಲ್ಲಿ ದೋಣಿಯ ಅಂಚಿಗೆ ಬಿಗಿದಿದೆ. ಗಾಳಿಯು ತುದಿಯನ್ನು ಪಕ್ಕಕ್ಕೆ 100 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಿತೆನ್ನಿ. ತಂತಿಯು ಬಹುಮಟ್ಟಿಗೆ ಕಂಬದ ಉದ್ದಕ್ಕೇ ಇಳಿದಿರುವುದರಿಂದ, ಪಕ್ಕದ ತಳ್ಳಾಟವನ್ನು ತಡೆಯಲು ಅದರ ಬಿಗಿತದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಒದಗುತ್ತದೆ. ಆದುದರಿಂದ ತಂತಿಯು ಸುಮಾರು 1,000 ಕಿಲೋಗ್ರಾಂ ಎಳೆತವನ್ನು ತಾಳಬೇಕು. ಕಂಬವನ್ನೂ ಅಷ್ಟೇ ಭಾರವು ಕೆಳಕ್ಕೆ ಅದುಮುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ಕಡಲಿನಲ್ಲಿ ದೋಣಿಯು ಅಲೆಯ ನೆತ್ತಿಯಿಂದ ಕೆಳಗೆ ಬಿದ್ದಾಗ ಹೊರೆಯು ಕ್ಷಣಮಾತ್ರದಲ್ಲಿ ಏರಿ ಇಳಿಯುತ್ತದೆ. ಶಾಲೆಯ ಮುಖ ಕಾಣದ ನಮ್ಮ ತಂದೆಯವರು ಗಾಡಿಯ ಅಚ್ಚಿನ ಸದ್ದಿನಿಂದಲೇ ಹೇರು ಹೆಚ್ಚಾಯಿತೆಂದು ಹೇಳಬಲ್ಲರು. ನುರಿತ ನಾವಿಕನ ಅರಿವೂ ಅಂತಹುದೇ. ಆದರೆ ಆ ಅರಿವು ದೋಣಿ ಕಟ್ಟುವವನಿಗೆ ದಾಟಬೇಕಾದರೆ ಅಂಕಿಗಳು ಬೇಕು.

ಅಮೆರಿಕದ ಕೆನೆತ್ ಡೇವಿಡ್‌ಸನ್ನರು 1930ರ ದಶಕದಲ್ಲಿ 'ಗಿಮ್‌ಕ್ರ್ಯಾಕ್' ಎಂಬ ಹಾಯಿದೋಣಿಯು ಓಡುತ್ತಿರುವಾಗಲೇ ಅದರ ವೇಗವನ್ನೂ ವಾಲುವಿಕೆಯನ್ನೂ ಅಳೆದರು. ಅದರ ಪುಟ್ಟ ಮಾದರಿಯನ್ನು ನೀರಿನ ತೊಟ್ಟಿಯಲ್ಲಿ ಎಳೆದು ನೋಡಿದರು. ಸಮವೇಗದಲ್ಲಿ ಸಾಗುವಾಗ ಹಾಯಿಯು ಮುಂದಕ್ಕೆ ಒಯ್ಯುವ ಬಲವೂ ನೀರಿನ ತಡೆಯೂ ಸಮವಾಗಿರುತ್ತವೆ. ಹೀಗೆ ತಡೆಯನ್ನು ಅಳೆದು ಹಾಯಿಯ ಬಲವನ್ನು ತಿಳಿದರು.

ಬಿಡಿಭಾಗಗಳ ಹೊರೆಯನ್ನು ಅಳೆಯಲು ನೆರವಾದುದು 'ಸ್ಟ್ರೇನ್ ಗೇಜ್'. ಇದನ್ನು 1938ರಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗೆ ಎಂಬಿಬ್ಬರು ಅಮೆರಿಕದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದರು. ಲೋಹಕ್ಕೆ ಅಂಟಿಸಿದ ಸಣ್ಣ ತಂತಿಯು ಲೋಹದೊಡನೆ ತಾನೂ ಹಿಗ್ಗಿ ತೆಳುವಾಗುತ್ತದೆ. ಆಗ ಅದರ ವಿದ್ಯುತ್ ನಿರೋಧವು ಹೆಚ್ಚುತ್ತದೆ. ಆ ಹೆಚ್ಚಳವೇ ಹೊರೆಯ ಅಳತೆ. ಇಂದು ಅಲೆಯ ಒಂದೊಂದು ಹೊಡೆತವನ್ನೂ ಹೀಗೆ ದಾಖಲಿಸಬಹುದು.

1995ರ ಮಾರ್ಚ್ 5ರಂದು ಸ್ಯಾನ್ ಡಿಯಾಗೊ ಬಳಿ ಪಂದ್ಯದ ನಡುವೆಯೇ 'ಒನ್ ಆಸ್ಟ್ರೇಲಿಯಾ' ಎಂಬ ದೋಣಿಯು ಮುರಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅದೃಷ್ಟವಶಾತ್ ನಾವಿಕರೆಲ್ಲರೂ ಬದುಕಿದರು. ದಪ್ಪವಾಗಿ ಕಟ್ಟಿದರೆ ಓಟ ಕುಗ್ಗುತ್ತದೆ. ಅಳತೆಮೀರಿ ತೆಳ್ಳಗೆ ಕಟ್ಟಿದರೆ ಪ್ರಾಣಕ್ಕೇ ಅಪಾಯ. ಇವೆರಡರ ನಡುವೆ ಗೆರೆ ಎಳೆಯಬೇಕಾದವನು ಊಹೆಯನ್ನು ನಂಬಿ ಕೂರಲಾಗದು, ಕಡಲಿಗಿಳಿದು ಅಳೆಯಲೇಬೇಕು.