ವಹಿ ಹಲವು, ಮನೆ ಒಂದು: ದಾಖಲೆಗಳಿಗೆ ‘ಮಾದರಿಯ ಮಾದರಿ’

1904ರ ಸಹಕಾರಿ ಪತ್ತಿನ ಸಂಘಗಳ ಅಧಿನಿಯಮದನ್ವಯ 1905ರಲ್ಲಿ ನೋಂದಣಿಯಾದ ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘವನ್ನೂ ಅದರ ಮುಂದಾಳು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನೂ ಜಿಲ್ಲೆಯಲ್ಲಿ ಅರಿಯದವರಿಲ್ಲ. ಆ ಸಂಘದ ಹಿಂದಿದ್ದ ದಾಖಲೆಗಳ ಕ್ರಮ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಧಿನಿಯಮವು ಒಂದು ನಿರ್ದಿಷ್ಟ ಊರಿಗಾಗಿ ರಚಿತವಾದುದಲ್ಲ. ಸಂಘ ಸ್ಥಾಪಿಸಲು 18 ವರ್ಷ ಮೀರಿದ ಕನಿಷ್ಠ 10 ಜನರಿರಬೇಕು, ಗ್ರಾಮೀಣ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರಿರಬೇಕು, ಲೆಕ್ಕಪತ್ರವು ವರ್ಷಕ್ಕೊಮ್ಮೆಯಾದರೂ ತಪಾಸಣೆಗೊಳ್ಳಬೇಕು ಎಂದು ಅದು ವಿಧಿಸಿತು. ಈ ಚೌಕಟ್ಟಿನೊಳಗೆ ಪ್ರತಿ ಸಂಘಕ್ಕೂ ತನ್ನದೇ ಉಪವಿಧಿ, ಉಪವಿಧಿಗನುಗುಣವಾಗಿ ಖಾತೆವಹಿ. ಖಾತೆವಹಿಯು ವ್ಯವಹಾರದ ದಾಖಲೆ; ಉಪವಿಧಿ ಅದರ ಮಾದರಿ; ಅಧಿನಿಯಮವು ಮಾದರಿಗಳ ಮಾದರಿ. ತಂತ್ರಾಂಶ ರೂಪಿಸುವವರು ಈ ಮೂರನೆಯ ಮೆಟ್ಟಿಲನ್ನು ‘ಮೆಟಾಮಾಡೆಲ್’ ಎನ್ನುತ್ತಾರೆ.

ಇಂದಿನ ಗ್ರಾಮ ಪಂಚಾಯಿತಿಯಲ್ಲಿ ಇಂತಹ ಮೂರನೆಯ ಮೆಟ್ಟಿಲೇ ಕಾಣುವುದಿಲ್ಲ. 2005ರ ಉದ್ಯೋಗ ಖಾತರಿ ಅಧಿನಿಯಮವು ಒಟ್ಟಿಗೆ ವಾಸಿಸಿ ಒಟ್ಟಿಗೆ ಉಣ್ಣುವ ಅಥವಾ ಒಂದೇ ಪಡಿತರ ಚೀಟಿಯುಳ್ಳ ಬಂಧುಗಳನ್ನು ಕುಟುಂಬವೆಂದು ಎಣಿಸಿತು. ತೆರಿಗೆ ಬೇಡಿಕೆ ವಹಿಗೆ ಬೇಕಿರುವುದು ಆಸ್ತಿ ಮತ್ತು ಅದರ ಮಾಲೀಕ. ನೀರಿನ ವಹಿಗೆ ನಳವೇ ಘಟಕ. ಈಗ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದಾರೆಂದು ಭಾವಿಸೋಣ. ಉದ್ಯೋಗ ಚೀಟಿ ಎರಡು, ಆಸ್ತಿ ಒಂದು, ಅದೂ ತೀರಿಹೋದ ತಂದೆಯ ಹೆಸರಿನಲ್ಲಿ, ನಳವೂ ಒಂದೇ. ಯಾವ ವಹಿಯೂ ಸುಳ್ಳು ಹೇಳುತ್ತಿಲ್ಲ. ಆದರೂ ತಮ್ಮನ ವಿಧವೆ ಪತ್ನಿ ವಸತಿ ಯೋಜನೆಗೆ ಅರ್ಜಿ ಹಿಡಿದು ಬಂದಾಗ ಆಕೆಯ ಹೆಸರು ಆಸ್ತಿಯ ದಾಖಲೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ಗಣಕಯಂತ್ರ ತಂದರೆ ಇದು ಸರಿಹೋಗುತ್ತದೆಂಬ ನಂಬಿಕೆ ಹುಸಿ. ಗಣಕಯಂತ್ರವು ಅದೇ ಗೊಂದಲವನ್ನು ಬೇಗ ಮುದ್ರಿಸಿಕೊಡುತ್ತದೆ, ಅಷ್ಟೇ.

ಯೋಜನೆಗಳ ವ್ಯಾಖ್ಯೆಯನ್ನು ಬದಲಿಸುವ ಅಧಿಕಾರ ಪಂಚಾಯಿತಿಗಿಲ್ಲ. ಅವುಗಳ ನಡುವಿನ ಸಂಬಂಧವನ್ನು ಒಂದು ಹಾಳೆಯಲ್ಲಿ ಬರೆದಿಡುವುದಕ್ಕೆ ಅಡ್ಡಿಯೂ ಇಲ್ಲ. ವ್ಯಕ್ತಿ, ಕುಟುಂಬ, ಆಸ್ತಿ, ಸಂಪರ್ಕ ಎಂಬ ನಾಲ್ಕು ಪದಗಳು ಸಾಕು. ನಲವತ್ತಾದರೆ ಆ ಹಾಳೆ ಕಪಾಟು ಸೇರುತ್ತದೆ. ಒಂದು ಆಸ್ತಿಯಲ್ಲಿ ಹಲವು ಕುಟುಂಬಗಳಿರಬಹುದು. ಒಬ್ಬ ವ್ಯಕ್ತಿ ಒಂದು ಕಾಲಕ್ಕೆ ಒಂದೇ ಕುಟುಂಬಕ್ಕೆ ಸೇರಿರಬೇಕು. ಮಾಲೀಕತ್ವವು ವ್ಯಕ್ತಿಗೆ ಸಂಬಂಧಿಸಿದುದು, ಕುಟುಂಬಕ್ಕಲ್ಲ. ನಳವು ಆಸ್ತಿಗೆ ಸೇರಿದುದು. ಹೊಸ ವಹಿ ತೆರೆಯುವಾಗ ಅದರ ಪ್ರತಿ ಕಲಮು ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆಂದು ಸದಸ್ಯರು ಸಾಮಾನ್ಯ ಸಭೆಯಲ್ಲಿಯೇ ಕೇಳಬಹುದು. ಮೇಲಿನ ಉದಾಹರಣೆಯ ಮಹಿಳೆಯ ವಿಷಯದಲ್ಲಿ ಆ ಹಾಳೆ ತೋರಿಸುವ ಕೊರತೆ ಒಂದೇ: ತಂದೆಯ ನಂತರ ವಾರಸಾ ಬದಲಾವಣೆ ಆಗಿಲ್ಲ. ವಸತಿ ಅರ್ಜಿಯನ್ನು ತಿರಸ್ಕರಿಸುವ ಮೊದಲು ಕೈಗೊಳ್ಳಬೇಕಾದ ಕೆಲಸ ಅದು.